ಮರುಭೂಮಿಯ ಕ್ಲಿನಿಕ್ಕಿನಿಂದ ಅಪ್ಪಾಜಿಗೆ

ತೀರ್ಥರೂಪರಾದ ಅಪ್ಪಾಜಿಯವರಿಗೆ ಮಗಳು ಮಾಡುವ ನಮಸ್ಕಾರಗಳು. ನಾನು ಕ್ಷೇಮ. ಅಮ್ಮನ ಮಂಡಿನೋವು ಹೇಗಿದೆಯೆಂದು ತಿಳಿಸಿ.

ಇಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿ ಹೆಂಗಸರು ಮನೆಯಲ್ಲಿ ತಿನ್ನುವ ಪೆಟ್ಟಿನ ವಿಷಯ ನಾನು ಹೇಳಿದಾಗ, ಅಷ್ಟು ಶ್ರೀಮಂತ ದೇಶದಲ್ಲಿ ಸರ್ಕಾರ ಏನು ಮಾಡುತ್ತಿದೆಯೆಂದು ತಾವು ಕೇಳಿದ್ದಿರಿ. ಏನೂ ಮಾಡಿಲ್ಲವೆನ್ನುವಂತಿಲ್ಲ. 2007ರ ಜೂನ್‌ನಲ್ಲಿ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವರದಿಯೊಂದನ್ನು ಮುಂದಿಟ್ಟುಕೊಂಡು ಪ್ರಧಾನಿ ಜಾನ್ ಹೋವರ್ಡ್ ಅವರ ಸರ್ಕಾರ ನಾನಿರುವ ನಾರ್ದರ್ನ್ ಟೆರಿಟರಿ ಪ್ರಾಂತ್ಯದ ಮೂಲನಿವಾಸಿ ಊರುಗಳಿಗೆ ಸೈನಿಕರನ್ನೂ ಪೊಲೀಸರನ್ನೂ ಕಳುಹಿಸಿ, ಮದ್ಯವನ್ನು ನಿಷೇಧಿಸಿ, 73 ಊರುಗಳಲ್ಲಿ ಸರ್ಕಾರಿ ನೆರವಿನ ಅರ್ಧ ಹಣವನ್ನು ಊಟ, ಬಟ್ಟೆ, ಬಾಡಿಗೆಗೆಂದೇ ಕಟ್ಟಿಟ್ಟಿತು. ಅದಕ್ಕಾಗಿ ಜನಾಂಗೀಯ ತಾರತಮ್ಯ ತಡೆ ಕಾಯ್ದೆಯನ್ನೇ ಅಮಾನತಿನಲ್ಲಿಟ್ಟಿತು. ಮದ್ಯ ಮತ್ತು ಅಶ್ಲೀಲ ಚಿತ್ರ ನಿಷಿದ್ಧವೆಂಬ ನೀಲಿ ಬೋರ್ಡನ್ನು ಊರಬಾಗಿಲಲ್ಲಿ ನೆಟ್ಟಿದ್ದನ್ನು ನೆನೆದು ನಮ್ಮ ಕ್ಲಿನಿಕ್ಕಿನ ಹಿರಿಯ ಸಹಾಯಕಿ ಈಗಲೂ ಸಿಡುಕುತ್ತಾರೆ.

ಅದೇ ವರ್ಷ ನಮ್ಮಲ್ಲಿ ಸಾರಾಯಿ ನಿಂತದ್ದು ತಮಗೆ ನೆನಪಿರಬೇಕು. ಅದರ ಹಿಂದೆ ಬೀದಿಗಿಳಿದ ಹೆಂಗಸರಿದ್ದರು. ಇಲ್ಲಿಯೂ ಯುಯೆಂಡುಮು ಎಂಬ ಊರಿನ ಹೆಂಗಸರು 1990ರ ದಶಕದ ಆರಂಭದಲ್ಲೇ ದೊಣ್ಣೆ ಹಿಡಿದು ರಾತ್ರಿ ಗಸ್ತು ತಿರುಗುತ್ತಿದ್ದರು. ಅಂಥವರನ್ನು ಕೂರಿಸಿ ಕೇಳದೆ ಆದೇಶ ಹೊರಡಿಸಿದ್ದೇ ತಪ್ಪೆಂದು ನನಗನ್ನಿಸುತ್ತದೆ.

ನನ್ನನ್ನು ನೇರವಾಗಿ ತಟ್ಟುವುದು 2009ರಿಂದ ಇರುವ ನಿಯಮ: ಮನೆಯವರ ಕೈಯಲ್ಲಿ ಯಾರಿಗಾದರೂ ಗಂಭೀರ ಗಾಯವಾಗಿದೆಯೆಂದು ತಿಳಿದ ಪ್ರತಿಯೊಬ್ಬ ವಯಸ್ಕರೂ ಪೊಲೀಸರಿಗೆ ತಿಳಿಸಲೇಬೇಕು. ಹೋದ ವಾರ ಒಬ್ಬಳು ಮುಂಗೈ ಮೂಳೆ ಮುರಿದುಕೊಂಡು ಬಂದಳು. ಬಿದ್ದೆನೆಂದಳು, ಆದರೆ ಅದು ಮುಖಕ್ಕೆ ಬೀಳುವ ಹೊಡೆತಕ್ಕೆ ಕೈ ಅಡ್ಡ ಹಿಡಿದಾಗ ಮುರಿಯುವ ಜಾಗ. ಪೊಲೀಸರಿಗೆ ಹೇಳುತ್ತೀಯಾ ಎಂದು ಕೇಳಿದಳು. ಹೇಳಲೇಬೇಕೆಂದೆ. ಪಟ್ಟಿ ಕಟ್ಟಿ ಮುಗಿಯುವವರೆಗೂ ಮಾತಾಡದೆ ಕುಳಿತಿದ್ದು, ಕೊನೆಗೆ, "ಮಕ್ಕಳನ್ನು ಒಯ್ಯುತ್ತಾರಾ?" ಎಂದಳು. ಅವಳ ಅಜ್ಜಿಯನ್ನು ಚಿಕ್ಕಂದಿನಲ್ಲಿ ಸರ್ಕಾರದವರೇ ತಾಯಿಯಿಂದ ಕಿತ್ತು ಒಯ್ದಿದ್ದರಂತೆ. ಠಾಣೆ ಎರಡು ಗಂಟೆ ದೂರ. ಪೊಲೀಸರು ಮಾರನೆಯ ದಿನ ಬಂದರು.

2022ರಲ್ಲಿ ಮದ್ಯನಿರ್ಬಂಧದ ಅವಧಿ ಮುಗಿಯಿತು, 2023ರಲ್ಲಿ ಮತ್ತೆ ಬಂತು. ನಾಲ್ವರು ಮೂಲನಿವಾಸಿ ಹೆಂಗಸರ ಕೊಲೆಗಳ ವಿಚಾರಣೆ ಮುಗಿಸಿದ ಇಲ್ಲಿನ ಕೊರೋನರ್, ಅಂದರೆ ಅಸಹಜ ಸಾವುಗಳ ವಿಚಾರಣಾಧಿಕಾರಿ, 2024ರಲ್ಲಿ 35 ಶಿಫಾರಸುಗಳನ್ನು ಮಾಡಿದರು. ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಕಡತ ನೋಡಿದ ತಮಗೆ ಶಿಫಾರಸುಗಳ ಗತಿಯನ್ನು ನಾನು ಹೇಳಬೇಕಾಗಿಲ್ಲ.

ಕೈ ಮುರಿದವಳಿಗೆ ಪಟ್ಟಿ ತೋರಿಸಲು ಸೋಮವಾರ ಬರಹೇಳಿದ್ದೆ, ಆಕೆ ಬರಲಿಲ್ಲ. ನಾಳೆ ಸಹಾಯಕಿಯನ್ನು ಕರೆದುಕೊಂಡು ಆ ಅಜ್ಜಿಯ ಮನೆಗೆ ಹೋಗಿಬರುತ್ತೇನೆ.

ಇಂತಿ ತಮ್ಮ ಪ್ರೀತಿಯ ಮಗಳು