ತೂಕ ಇಳಿಸುವ ಆಪರೇಷನ್ ಮತ್ತು ಕೂದಲು: ಡಿಸ್ಚಾರ್ಜ್ ಚೀಟಿಯಲ್ಲಿ ಇಲ್ಲದ ಸಾಲುಗಳು

ಮಾನ್ಯ ಸಂಪಾದಕರೇ,

ತೂಕ ಇಳಿಸಲು ಹೊಟ್ಟೆಯನ್ನು ಚಿಕ್ಕದಾಗಿಸುವ ಸ್ಲೀವ್ ಅಥವಾ ಬೈಪಾಸ್ ಆಪರೇಷನ್ ಮುಗಿಸಿ ಮನೆಗೆ ಹೊರಟವರ ಕೈಗೆ ಕೊಡುವ ಚೀಟಿಯಲ್ಲಿ ಎಷ್ಟು ದಿನ ದ್ರವಾಹಾರ, ಯಾವಾಗಿನಿಂದ ಮೆತ್ತನೆಯ ಊಟ, ಹೊಲಿಗೆ ಯಾವಾಗ ತೋರಿಸಬೇಕು ಎಲ್ಲ ಇರುತ್ತದೆ. ಮೂರನೇ ತಿಂಗಳ ಸುಮಾರಿಗೆ ಕೂದಲು ಉದುರಬಹುದು ಎಂಬ ಒಂದು ಸಾಲು ಎಷ್ಟೋ ಕಡೆ ಇರುವುದಿಲ್ಲ. ಹಾಗಾಗಿ ಬಚ್ಚಲ ಜಾಲರಿಯಲ್ಲಿ ಕೂದಲ ಉಂಡೆ ಕಂಡ ದಿನ ಗಾಬರಿ ಶುರುವಾಗುತ್ತದೆ. ಹಿಂದೆಯೇ ಎಣ್ಣೆ, ಬಯೋಟಿನ್ (ಒಂದು ಬಿ ಜೀವಸತ್ವ) ಮಾತ್ರೆ, ಹೇರ್ ಸ್ಪಾ ಎಂದು ದುಡ್ಡು ಸುರಿಯುವುದೂ ಶುರುವಾಗುತ್ತದೆ. ನಮ್ಮಲ್ಲಿ ಒಬ್ಬರದು ಆಹಾರ ಸಲಹೆಯ ಕೆಲಸ, ಇನ್ನೊಬ್ಬರದು ಕತ್ತರಿ ಬಾಚಣಿಗೆಯ ಕೆಲಸ. ಎರಡೂ ಕಡೆಯ ವಿವರ ಒಂದೇ ಜಾಗದಲ್ಲಿ ಸಿಗಲಿ ಎಂದು ಈ ಪತ್ರ.

ಮೂರನೇ ತಿಂಗಳು ಉದುರುವ ಕೂದಲಿನ ತೀರ್ಮಾನ ಆಪರೇಷನ್ ಆದ ಆರಂಭದ ವಾರಗಳಲ್ಲೇ ಆಗಿಹೋಗಿರುತ್ತದೆ. ತಲೆಯ ನೂರು ಕೂದಲಲ್ಲಿ 85–90 ಬೆಳೆಯುತ್ತಿರುತ್ತವೆ, ಉಳಿದವು ವಿಶ್ರಾಂತಿಯಲ್ಲಿರುತ್ತವೆ. ಶಸ್ತ್ರಕ್ರಿಯೆಯ ಆಘಾತ, ದಿಢೀರನೆ ತಗ್ಗಿದ ಊಟ, ಸರಸರ ಇಳಿಯುವ ತೂಕ ಇವು ಸೇರಿ ಬೆಳೆಯುತ್ತಿದ್ದವುಗಳಲ್ಲಿ ಒಂದು ಪಾಲನ್ನು ಒಟ್ಟಿಗೆ ವಿಶ್ರಾಂತಿಗೆ ದೂಡುತ್ತವೆ. ಆ ವಿಶ್ರಾಂತಿ ಸುಮಾರು ಮೂರು ತಿಂಗಳದ್ದು. ಮುಗಿದಾಗ ಎಲ್ಲವೂ ಒಟ್ಟಿಗೇ ಕಳಚುತ್ತವೆ. ವೈದ್ಯರ ಭಾಷೆಯಲ್ಲಿ ಇದು ಟೆಲೋಜೆನ್ ಎಫ್ಲುವಿಯಂ. ಉದುರಿದ ಎಳೆಯ ತುದಿಯಲ್ಲಿ ಬಿಳಿ ಗುಂಡು ಕಂಡು ‘ಬೇರೇ ಕಿತ್ತುಬಂತು’ ಎಂದು ಹೌಹಾರಬೇಕಿಲ್ಲ. ಹೊಸ ಕೂದಲು ಹುಟ್ಟುವ ಬುಡ ಚರ್ಮದೊಳಗೇ ಇರುತ್ತದೆ. ಸಾಮಾನ್ಯವಾಗಿ ಆರರಿಂದ ಒಂಬತ್ತನೇ ತಿಂಗಳ ಹೊತ್ತಿಗೆ ಉದುರುವುದು ತಗ್ಗುತ್ತದೆ. ಆಗ ಹಣೆಯಂಚಿನಲ್ಲಿ ನಿಗುರಿ ನಿಲ್ಲುವ ಗಿಡ್ಡ ಎಳೆಗಳು ತುಂಡಾದ ಕೂದಲಲ್ಲ, ಹೊಸದಾಗಿ ಬಂದವು. ಅವನ್ನು ಕಾಯಿಸಿದ ಸ್ಟ್ರೇಟ್ನರ್‌ನಲ್ಲಿ ಒತ್ತಿ ಮಲಗಿಸುವವರೇ ಹೆಚ್ಚು.

ಕಳಚಲು ತಯಾರಾದ ಕೂದಲನ್ನು ಯಾವ ಎಣ್ಣೆಯೂ ಹಿಡಿದಿಡಲಾರದು. ಈಗ ತಿನ್ನುವುದು ಇನ್ನೂ ಉದುರದ ಕೂದಲಿಗಾಗಿ ಮತ್ತು ಮುಂದೆ ಹುಟ್ಟುವ ಕೂದಲಿಗಾಗಿ. ಎಡವುವುದು ಇಲ್ಲೇ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ನಮ್ಮ ಮನೆಗಳಲ್ಲಿ ‘ಶಕ್ತಿ ಬರಲಿ’ ಎಂದು ಕೊಡುವುದು ರಾಗಿ ಗಂಜಿ, ತಿಳಿಸಾರು. ಎರಡು ಚಮಚ, ಅಂದರೆ 20 ಗ್ರಾಂ ರಾಗಿ ಹಿಟ್ಟಿನಲ್ಲಿ ಪ್ರೋಟೀನ್ ಒಂದೂವರೆ ಗ್ರಾಂ ಕೂಡ ಇಲ್ಲ. ತಿಳಿಸಾರಿನಲ್ಲಂತೂ ಬೇಳೆ ಪಾತ್ರೆಯ ತಳದಲ್ಲೇ ಉಳಿದಿರುತ್ತದೆ. ಸಸ್ಯಾಹಾರಿಗಳ ಒಂದು ದಿನದ ಲೆಕ್ಕ ಹೀಗೆ ಕೂಡಿಸಬಹುದು: ಹಾಲು ಮೊಸರು ಸೇರಿ 400 ಮಿ.ಲೀ.ಗೆ 13 ಗ್ರಾಂ, ಪನೀರ್ 50 ಗ್ರಾಂಗೆ 9, ಒಣ ಸೋಯಾ ಚಂಕ್ಸ್ 20 ಗ್ರಾಂ ಬೇಯಿಸಿದರೆ 10, ಒಂದು ಸಣ್ಣ ಬಟ್ಟಲು ಗಟ್ಟಿ ತೊವ್ವೆಗೆ 5, ಒಂದು ಸ್ಕೂಪ್ ವೇ (ಹಾಲಿನಿಂದ ತೆಗೆದ) ಪ್ರೋಟೀನ್‌ಗೆ 24. ಒಟ್ಟು 61. ಮೊಟ್ಟೆ ತಿನ್ನುವವರಿಗೆ ಒಂದಕ್ಕೆ 6 ಗ್ರಾಂ. ಹಾಲು ಕುಡಿದರೆ ಹೊಟ್ಟೆಯುಬ್ಬರ ಬರುವವರು ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ತೀರ ಕಡಿಮೆಯಿರುವ ವೇ ಐಸೊಲೇಟ್ ಪುಡಿ ಕೇಳಿ ತರಬೇಕು. ತಟ್ಟೆಯಲ್ಲಿ ಪ್ರೋಟೀನ್ ಮೊದಲು, ಪಲ್ಯ ಆಮೇಲೆ, ಅನ್ನ ಜಾಗವಿದ್ದರೆ ಮಾತ್ರ. ಊಟದ ಜೊತೆಗೆ ನೀರು ಕುಡಿದರೆ ಚಿಕ್ಕ ಹೊಟ್ಟೆ ಅದರಿಂದಲೇ ತುಂಬುತ್ತದೆ. ಅರ್ಧ ಗಂಟೆ ಬಿಟ್ಟು ಕುಡಿಯಿರಿ.

ಮಾತ್ರೆ ತಪ್ಪದೆ ನುಂಗಿಯೂ ಕಬ್ಬಿಣದ ಅಂಶ ಏರದಿದ್ದರೆ ನುಂಗುವ ಹೊತ್ತನ್ನು ನೋಡಬೇಕು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ಹೋದರೆ ಕಬ್ಬಿಣ ಸರಿಯಾಗಿ ಹೀರಲ್ಪಡುವುದಿಲ್ಲ. ನಡುವೆ ಎರಡು ಗಂಟೆ ಬಿಡಬೇಕು. ಬೆಳಗಿನ ಫಿಲ್ಟರ್ ಕಾಫಿಯ ಜೊತೆಗೇ ಕಬ್ಬಿಣದ ಮಾತ್ರೆ ನುಂಗುವುದು ಇನ್ನೊಂದು ತಪ್ಪು, ಅಲ್ಲೂ ಕನಿಷ್ಠ ಒಂದು ಗಂಟೆ ಅಂತರ ಬೇಕು. ನಿಂಬೆರಸ ಬೆರೆಸಿದ ನೀರಿನ ಜೊತೆ ಆಗಬಹುದು. ಮುಟ್ಟಾಗುವ ಹೆಂಗಸರಿಗೂ ಬೈಪಾಸ್ ಆದವರಿಗೂ ದಿನಕ್ಕೆ 45–60 ಮಿ.ಗ್ರಾಂ ಕಬ್ಬಿಣ ಬೇಕಾಗುತ್ತದೆ. ಅದು ಮಾತ್ರೆಯ ತೂಕವಲ್ಲ, ಲೇಬಲ್ಲಿನಲ್ಲಿ ‘ಎಲಿಮೆಂಟಲ್’ ಎಂದು ಬರೆದಿರುವ ಅಂಕಿ. ಕ್ಯಾಲ್ಸಿಯಂ ದಿನಕ್ಕೆ 1200–1500 ಮಿ.ಗ್ರಾಂ, ಒಂದು ಸಲಕ್ಕೆ 500–600 ಮೀರದಂತೆ. ಅಂಗಡಿಯವರು ‘ಎರಡೂ ಒಂದೇ’ ಎಂದು ಕಾರ್ಬೊನೇಟ್ ಕೊಟ್ಟರೆ ಸಿಟ್ರೇಟ್ ಕೇಳಿ: ಕಾರ್ಬೊನೇಟ್ ಕರಗಲು ಆಮ್ಲ ಬೇಕು, ಈ ಹೊಟ್ಟೆಯಲ್ಲಿ ಅದು ಕಡಿಮೆ.

ಬಯೋಟಿನ್ ಬಗ್ಗೆ ನಮ್ಮ ಮಾತು ನೇರ: ಕೊರತೆ ಇಲ್ಲದವರಿಗೆ ಅದರಿಂದ ಲಾಭವಿದೆ ಎನ್ನಲು ಗಟ್ಟಿ ಆಧಾರವಿಲ್ಲ. ಹೆಚ್ಚು ಪ್ರಮಾಣದ ಬಯೋಟಿನ್ ರಕ್ತಪರೀಕ್ಷೆಯನ್ನೇ ಕೆಡಿಸುತ್ತದೆ. ಥೈರಾಯ್ಡ್‌ನ ಟಿಎಸ್ಎಚ್ ಸುಳ್ಳಾಗಿ ಕಡಿಮೆ ತೋರಬಹುದು, ಹೃದಯಾಘಾತ ಪತ್ತೆಗೆ ಮಾಡುವ ಟ್ರೊಪೋನಿನ್ ಕೂಡ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ. ನುಂಗುತ್ತಿರುವವರು ಅದನ್ನು ಲ್ಯಾಬಿನವರಿಗೂ ವೈದ್ಯರಿಗೂ ಹೇಳಿ, ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ನಿಲ್ಲಿಸಬೇಕು. ಜಿಂಕ್ ಕೂಡ ಕಂಡಕಂಡಷ್ಟು ಬೇಡ. ಅತಿಯಾದರೆ ದೇಹದ ತಾಮ್ರ ಕುಸಿದು ರಕ್ತಹೀನತೆ, ಕಾಲು ಜೋಮು ಬರುತ್ತವೆ. ವಿಟಮಿನ್ ‘ಎ’, ಸೆಲೆನಿಯಂ ಮಿತಿ ಮೀರಿದರೆ ಅವೇ ಕೂದಲು ಉದುರಿಸುತ್ತವೆ.

ಇನ್ನು ಕತ್ತರಿಯ ಮಾತು. ಉದುರುವ ಮೊದಲೇ, ಅಂದರೆ ಎರಡನೇ ತಿಂಗಳಲ್ಲಿ, ಭುಜದ ಮಟ್ಟಕ್ಕೆ ತುದಿ ಸಮನಾಗಿ ಕತ್ತರಿಸಿಕೊಳ್ಳುವುದು ಒಳ್ಳೆಯದು. ಲೇಯರ್, ಸ್ಟೆಪ್ ಬೇಡ; ಮೊದಲೇ ತೆಳುವಾದ ತುದಿ ಇನ್ನೂ ತೆಳುವಾಗುತ್ತದೆ. ಹಲ್ಲಿರುವ ಥಿನ್ನಿಂಗ್ ಕತ್ತರಿ ಮುಟ್ಟಿಸಬೇಡಿ ಎಂದು ಕೂರುವಾಗಲೇ ಹೇಳಿಬಿಡಿ. ವರ್ಷಗಟ್ಟಲೆ ಒಂದೇ ಕಡೆ ತೆಗೆದ ಬೈತಲೆ ಅಗಲವಾಗಿ ಕಾಣುತ್ತದೆ, ಅದನ್ನು ಎರಡು ಬೆರಳಗಲ ಪಕ್ಕಕ್ಕೆ ಸರಿಸಿದರೆ ಬುಡ ತಾನಾಗಿ ಏಳುತ್ತದೆ. ಕಡುಗಪ್ಪು ಬಣ್ಣ ನೆತ್ತಿಯ ಬಿಳುಪನ್ನು ಎತ್ತಿ ತೋರಿಸುವುದರಿಂದ ಗಾಢ ಕಂದು ಮೇಲು. ಕಂಡಿಷನರ್ ಕಿವಿಯಿಂದ ಕೆಳಗೆ ಮಾತ್ರ. ಒದ್ದೆ ಕೂದಲನ್ನು ಟವೆಲಿನಿಂದ ಬಡಿಯಬೇಡಿ, ಹಿಂಡಿ ಒತ್ತಿ. ಬಾಚುವುದು ಅಗಲ ಹಲ್ಲಿನ ಬಾಚಣಿಗೆಯಿಂದ, ತುದಿಯಿಂದ ಶುರುಮಾಡಿ ಬುಡಕ್ಕೆ. ಉದುರೀತೆಂದು ತಲೆಸ್ನಾನ ಮುಂದೂಡಿದರೆ ಕಳಚಿದ್ದೆಲ್ಲ ಸೇರಿ ಒಂದೇ ದಿನ ಬಂದು ಇನ್ನಷ್ಟು ಹೆದರಿಸುತ್ತದೆ. ವಾರಕ್ಕೆ ಎರಡು ಮೂರು ಸಲ ಸರಿ. ಎಣ್ಣೆ ಹಚ್ಚಲೇಬೇಕೆನಿಸಿದರೆ ತುದಿಗೆ ನಾಲ್ಕು ಹನಿ ಸಾಕು. ನೆತ್ತಿಗೆ ಸುರಿದರೆ ಎಳೆಗಳು ಅಂಟಿಕೊಂಡು ಬೋಳು ಹೆಚ್ಚಾಗಿ ಕಾಣುತ್ತದೆ.

ಮದುವೆ ಮನೆಗೆ ಹೊರಟಾಗ ಚೌರಿ ಸೇರಿಸಿ ಬಿಗಿದ ಜಡೆ, ಅದರ ಮೇಲೆ ಮೊಳಗಟ್ಟಲೆ ಮಲ್ಲಿಗೆ ಬೇಡ. ಅಷ್ಟೂ ಭಾರ ಅಳಿದುಳಿದ ಎಳೆಗಳ ಮೇಲೆ ಬೀಳುತ್ತದೆ. ಕತ್ತಿನ ಹತ್ತಿರ ಸಡಿಲ ತುರುಬು ಹಾಕಿ, ಸುತ್ತ ಅರ್ಧ ಮೊಳ ಹೂವನ್ನು ಯು ಪಿನ್ನಿನಿಂದ ಸಿಕ್ಕಿಸಿದರೆ ಚೆಂದವೂ ಹೌದು. ಬೈತಲೆಗೆ ಹೇರ್ ಫೈಬರ್ ಪುಡಿ ಉದುರಿಸುವುದಾದರೆ ಕೂದಲು ಪೂರ್ತಿ ಒಣಗಿರಬೇಕು. ಮಳೆಯಲ್ಲಿ, ಬೆವರಿನಲ್ಲಿ ಅದು ಹಣೆಗಿಳಿಯುತ್ತದೆ. ರಿಬಾಂಡಿಂಗ್, ಕೆರಾಟಿನ್ ಟ್ರೀಟ್‌ಮೆಂಟ್ ಒಂದು ವರ್ಷ ಮರೆತುಬಿಡಿ. ತಿರುಪತಿಗೆ ಮುಡಿ ಕೊಡುವುದು ಅವರವರ ಭಕ್ತಿ. ಆದರೆ ಬೋಳಿಸಿದರೆ ದಟ್ಟವಾಗಿ ಬರುತ್ತದೆ ಎಂಬ ಲೆಕ್ಕದಲ್ಲಿ ಕೊಡುವುದು ಬೇಡ, ಬ್ಲೇಡು ಬುಡವನ್ನು ಮುಟ್ಟುವುದೇ ಇಲ್ಲ. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ, ಭುಜ ಮುಟ್ಟಲು ಎರಡು ವರ್ಷ ದಾಟುತ್ತದೆ.

ಆರು ತಿಂಗಳ ಮೇಲೆ ಹೊಸದಾಗಿ ಉದುರತೊಡಗಿದರೆ ಅಥವಾ ವರ್ಷವಾದರೂ ನಿಲ್ಲದಿದ್ದರೆ ಫೆರಿಟಿನ್ (ಕಬ್ಬಿಣದ ದಾಸ್ತಾನು ತೋರಿಸುವ ಪರೀಕ್ಷೆ), ಬಿ12, ವಿಟಮಿನ್ ಡಿ, ಜಿಂಕ್, ಟಿಎಸ್ಎಚ್ ನೋಡಿಸಬೇಕು. ಹಿಮೋಗ್ಲೋಬಿನ್ ಸರಿಯಿದೆ ಎಂದ ಮಾತ್ರಕ್ಕೆ ಕಬ್ಬಿಣದ ದಾಸ್ತಾನು ಸರಿಯಿದೆ ಎಂದಲ್ಲ. ನಾಣ್ಯದಂತೆ ದುಂಡಗೆ ಉದುರಿದರೆ, ನೆತ್ತಿಯಲ್ಲಿ ತುರಿಕೆ ಹೊಟ್ಟು ಇದ್ದರೆ, ಬೈತಲೆ ಮಾತ್ರ ಅಗಲವಾಗುತ್ತ ಹೋದರೆ ಚರ್ಮರೋಗ ತಜ್ಞರ ಬಳಿಗೆ. ದಿನವೂ ವಾಂತಿಯಾಗುತ್ತಿದ್ದರೆ ಕೂದಲ ಮಾತು ಪಕ್ಕಕ್ಕಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬಿ1 ಜೀವಸತ್ವ ವಾರಗಳಲ್ಲೇ ಬರಿದಾಗಿ ನರಗಳಿಗೆ ಪೆಟ್ಟು ಬೀಳುತ್ತದೆ.

ಆಸ್ಪತ್ರೆಗಳಿಗೆ ನಮ್ಮ ಕೋರಿಕೆ ದೊಡ್ಡದಲ್ಲ. ಡಿಸ್ಚಾರ್ಜ್ ಚೀಟಿಯ ಜೊತೆ ಕನ್ನಡದಲ್ಲಿ ಅರ್ಧ ಪುಟ ಕೊಡಿ: ಉದುರುವ ತಿಂಗಳು, ನಿಲ್ಲುವ ತಿಂಗಳು, ಪ್ರೋಟೀನಿನ ಗ್ರಾಂ ಲೆಕ್ಕ, ಯಾವ ಮಾತ್ರೆ ಎಷ್ಟು ಗಂಟೆಗೆ. ಅಡುಗೆ ಮಾಡುವವರೂ ಓದುವಂತಿರಲಿ.

— ಒಬ್ಬ ಆಹಾರ ತಜ್ಞೆ ಮತ್ತು ಒಬ್ಬ ಕೇಶ ವಿನ್ಯಾಸಕಿ, ಮೈಸೂರು