ಧ್ರುವದ ಕಡಲತಳಕ್ಕೂ ಸ್ವಲ್ಪ ಜಾಗವಿರಲಿ

ಮಾನ್ಯ ಸಂಪಾದಕರೇ,

ಧ್ರುವಪ್ರದೇಶವೆಂದರೆ ಪತ್ರಿಕೆಗಳಲ್ಲಿ ಕರಗುವ ಮಂಜುಗಡ್ಡೆ ಮತ್ತು ಹಿಮಕರಡಿಯ ಚಿತ್ರ, ಅಷ್ಟೇ. ಆದರೆ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ಕಾಂಗ್ಸ್‌ಫ್ಯೋರ್ಡನ್ ಎಂಬ ಕಡಲಚಾಚಿನ ಆಳವಿಲ್ಲದ ಭಾಗಗಳಲ್ಲಿ ಹೂಳಿನ ಮೇಲೆ ಕಂದುಬಣ್ಣದ ತೆಳುವಾದ ಲೋಳೆಪದರವೊಂದು ಹಬ್ಬಿರುತ್ತದೆ. ಅದು ಗಾಜಿನಂಥ ಸಿಲಿಕಾ ಕವಚ ಹೊತ್ತ ಡಯಾಟಮ್ ಎಂಬ ಏಕಕೋಶ ಪಾಚಿಗಳ ಹಾಸು. ಸುಮಾರು ನಾಲ್ಕು ತಿಂಗಳು ಸೂರ್ಯನೇ ಮೂಡದ ಚಳಿಗಾಲವನ್ನು ಕೂಡಿಟ್ಟ ಆಹಾರದಲ್ಲೇ ಕಳೆದು, ಮಂದ ಬೆಳಕು ಸಿಕ್ಕೊಡನೆ ದ್ಯುತಿಸಂಶ್ಲೇಷಣೆಗೆ ತೊಡಗುವ ಈ ಪಾಚಿಗಳು ತಳದ ಹುಳುಗಳಿಗೂ ಚಿಪ್ಪುಜೀವಿಗಳಿಗೂ ಆಹಾರ. ಅವು ಸ್ರವಿಸುವ ಲೋಳೆ ಹೂಳಿನ ಕಣಗಳನ್ನು ಅಂಟಿಸಿ ಹಿಡಿಯುತ್ತದೆ.

ಮಂಜುಗಡ್ಡೆ ಕರಗಿದರೆ ತಳಕ್ಕೆ ಬೆಳಕು ಹೆಚ್ಚುತ್ತದೆ ಎಂಬ ಲೆಕ್ಕ ಸರಳವಾಗಿ ಕಾಣುತ್ತದೆ, ಆದರೆ ಹಿಮನದಿಗಳು ಹೊತ್ತು ತರುವ ರಾಡಿನೀರು ಅದೇ ಬೆಳಕನ್ನು ತಡೆಯುವುದರಿಂದ ಅದು ಎಲ್ಲೆಡೆ ಹೊಂದುವುದಿಲ್ಲ.

ಇದೇ ದಂಡೆಯ ನೀ-ಓಲೆಸುಂಡ್‌ನಲ್ಲಿ 2008ರಿಂದ ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರವಿದೆ. 2014ರಲ್ಲಿ ಇಂಡಾರ್ಕ್ ಎಂಬ ವೀಕ್ಷಣಾಲಯವನ್ನೂ ಆ ನೀರಿಗೆ ಇಳಿಸಲಾಗಿದೆ. ನಮ್ಮ ತೆರಿಗೆಯ ಹಣದಲ್ಲಿ ನಡೆಯುವ ಈ ಅಧ್ಯಯನಗಳ ಕುರಿತು ತಮ್ಮ ವಿಜ್ಞಾನ ಪುಟದಲ್ಲಿ ಆಗಾಗ ಬರೆಸಬೇಕೆಂದು ವಿನಂತಿ.

— ಓರ್ವ ಓದುಗ, ಕಾರವಾರ