ಚಿಲಕನ ದನಿ ಮರೆತು ಹೋದರೆ

ಶಿರಸಿ

ಪ್ರೀತಿಯ ಮಾಣಿ,

ನಿನ್ನ ಪತ್ರ ಬಂತು. ಮನೆ ಸುದ್ದಿಯೆಲ್ಲ ನಿನ್ನ ಆಯಿ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಅದನ್ನು ಬಿಡುತ್ತೇನೆ. ಎರಡನೇ ಪುಟದ ಒಂದು ಮಾತು ಮಾತ್ರ ನನ್ನನ್ನು ಬಿಡುತ್ತಿಲ್ಲ. 'ಆಟ ನಿಂತು ಹೋಗ್ತಿದೆ ಮಾವ. ಸ್ವಲ್ಪ ದಿನಕ್ಕೆ ಚಿಲಕನ ದನಿ ನನಗೇ ಮರೆತು ಹೋಗ್ತದೆ. ಆಮೇಲೆ ಅವನು ಇದ್ದ ಅನ್ನೋದಕ್ಕೆ ಏನಿದೆ?' ಅಂತ ಬರೆದಿದ್ದೀಯಲ್ಲ, ಅದು.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂತ ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಾಡುವ ಆಟ ನಿಮ್ಮದು, ಚಿಲಕ ಅದರಲ್ಲಿ ನಿನ್ನ ಪಾತ್ರ. ಆಟದ ಪಾತ್ರಕ್ಕೆ ಇಷ್ಟು ಸಂಕಟವೇ ಅಂತ ಯಾರಾದರೂ ಕೇಳಿಯಾರು. ನಾನು ಕೇಳುವುದಿಲ್ಲ.

ದೀಪಾವಳಿಗೆ ಬಂದಾಗ ನೀನು ಚಿಲಕನ ಕತೆ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಉಳಿದವರೆಲ್ಲ ಕತ್ತಿ ಹಿಡಿದ ವೀರ, ಮಂತ್ರ ಹಾಕುವ ಎಲ್ಫ್ ಅಂತ ಆರಿಸಿಕೊಂಡರೆ ನೀನು ಕೆಂಕು ಆದೆ. ಕಾಗೆ ಮುಖದವನು. ಹಾರಲು ಬಾರದು, ಸ್ವಂತ ದನಿಯೂ ಇಲ್ಲ. ಕೇಳಿದ ಸದ್ದನ್ನು, ಕೇಳಿದ ಮಾತನ್ನು ಹಾಗೇ ತಿರುಗಿ ನುಡಿಯಬೇಕು. ನಿಮ್ಮ ತಂಡದ ಡ್ವಾರ್ಫ್, ಆ ಕುಳ್ಳ ಜಾತಿಯವನು, ಸತ್ತ ಮೇಲೆ ಛತ್ರದವನು ಹಳೇ ಬಾಕಿ ಕೇಳಿದಾಗ ಚಿಲಕ ಬಾಯಿ ತೆರೆದ. ಬಂದದ್ದು ಸತ್ತವನ ದನಿ. 'ನನ್ನ ಹೆಸರಿಗೆ ಬರೆದುಕೋ, ನಾಳೆ ಕೊಡ್ತೇನೆ.' ಡ್ವಾರ್ಫ್ ಆಡಿದ್ದ ಹುಡುಗ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದನಂತೆ. ಅದನ್ನು ಹೇಳುವಾಗ ನಿನ್ನ ಗಂಟಲೂ ಕಟ್ಟಿತ್ತು.

ಹಾಗಿದ್ದವನು ಮರೆತು ಹೋಗುತ್ತಾನಾ? ದನಿ ಹೋಗುತ್ತದೆ ಮಾಣಿ. ಸುಮ್ನೆ ಸಮಾಧಾನಕ್ಕೆ ಇಲ್ಲ ಅನ್ನಲಾರೆ.

ನಾನು ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದ ಕಾಲದಲ್ಲಿ ಜಾಂಬವತಿ ಕಲ್ಯಾಣದ ಜಾಂಬವಂತ ಜಾಸ್ತಿ ನನ್ನ ಪಾಲಿಗೇ ಬರುತ್ತಿದ್ದ. ನೀವು ಮೇಜಿನ ಸುತ್ತ ಕೂತಂತೆ ನಾವೂ ಕೂತೇ ಆಡುವುದು. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳಿ ನಿಲ್ಲಿಸಿದರೆ ಮುಂದಿನ ಮಾತು ನಮ್ಮದು. ಎದುರಿನವನು ಏನು ಕೇಳುತ್ತಾನೋ ಗೊತ್ತಿಲ್ಲ. ನಿಮಗೆ ಡೈಸ್ ಇದೆ, ನಮಗೆ ಎದುರಾಳಿಯ ನಾಲಿಗೆ ಇತ್ತು.

ಆ ಮುದಿ ಕರಡಿಯ ಮೇಲೆ ನನಗೆ ಅಷ್ಟು ಪ್ರೀತಿ. ಸ್ಯಮಂತಕ ಮಣಿಯನ್ನು ಮಗುವಿಗೆ ಆಟಿಕೆ ಅಂತ ಕೊಟ್ಟು ಗುಹೆಯಲ್ಲಿ ಕೂತವನು. ಕೃಷ್ಣನ ಜೊತೆ 28 ದಿನ ಹೊಡೆದಾಡಿ, ಕೊನೆಗೆ ಇವನೇ ನನ್ನ ರಾಮ ಅಂತ ಗುರುತು ಹಿಡಿದವನು. ಒಂದು ಮಳೆಗಾಲ ಸಿದ್ದಾಪುರದ ಕಡೆ ಕೃಷ್ಣನಾಗಿದ್ದ ಮಾಸ್ತರರು ಇದ್ದಕ್ಕಿದ್ದಂತೆ ಕೇಳಿದರು: 'ಅಜ್ಜ, ಮಗುವಿಗೆ ಆಡಲು ಮಣಿ ಸಾಕು. ನಿನಗೆ ಆಡಲು ಏನು ಬೇಕು?' ನಾನು ಹಿಂದೆಂದೂ ಯೋಚಿಸದ ಮಾತು ಬಾಯಿಂದ ಬಂತು. 'ನನ್ನನ್ನು ಸೋಲಿಸುವವನೊಬ್ಬ ಬೇಕು. ತ್ರೇತಾಯುಗದಿಂದ ಕಾಯ್ತಾ ಇದ್ದೇನೆ.' ಮಾಸ್ತರರು ತಲೆ ತಗ್ಗಿಸಿದರು. ಮದ್ದಳೆಯವರು ಬೆರಳು ಕೂಡ ಆಡಿಸಲಿಲ್ಲ.

ಆ ರಾತ್ರಿಯನ್ನು ಯಾರೂ ಕ್ಯಾಸೆಟ್ಟಿಗೆ ಹಿಡಿಯಲಿಲ್ಲ. ಮಾಸ್ತರರು ಹೋದರು, ಭಾಗವತರೂ ಹೋದರು. ಯಕ್ಷಗಾನದ ಚಿಟ್ಟಾಣಿಯವರ ಭಸ್ಮಾಸುರನನ್ನು ನೆನೆಯಲು ಇಡೀ ಜಿಲ್ಲೆ ಇದೆ. ಹಳ್ಳಿಯ ಜಗಲಿಯ ಮೇಲೆ ಒಂದು ರಾತ್ರಿ ಬಂದು ಹೋದ ಕರಡಿಗೆ ಯಾರಿದ್ದಾರೆ? ನಿನ್ನ ಪತ್ರ ಓದಿದ ಮೇಲೆ ಅಡಿಕೆ ಅಟ್ಟದ ಕೆಳಗೆ ನಿಂತು ಆ ಮಾತನ್ನು ಗಟ್ಟಿಯಾಗಿ ಹೇಳಿ ನೋಡಿದೆ. ಮಾತು ಬಂತು, ಆ ದನಿ ಬರಲಿಲ್ಲ. ಆಗ ನಾನು ಹುಡುಗ, ಗಂಟಲು ಬಿಗಿದು ಮುದುಕನ ದನಿ ತೆಗೆಯುತ್ತಿದ್ದೆ. ಈಗ ಬಿಗಿಯುವುದೇ ಬೇಡ. ಆದರೂ ಅದು ಅವನ ದನಿಯಲ್ಲ. ಅದಕ್ಕೇ ನಿನ್ನ ಭಯ ನನಗೆ ಇಷ್ಟು ನಾಟಿದ್ದು.

ನೀನು ಬಿಟ್ಟು ಹೋದ ಆ ದಪ್ಪ ನಿಯಮದ ಪುಸ್ತಕವನ್ನು ಮಧ್ಯಾಹ್ನ ತಿರುವುತ್ತಿರುತ್ತೇನೆ. ಮಂತ್ರಗಳ ಪಟ್ಟಿಯಲ್ಲಿ ಟೆನ್ಸರನ ತೇಲುವ ತಟ್ಟೆ ಅಂತ ಒಂದಿದೆ ನೋಡು, ಒಂದು ತಾಸು ಸಾಮಾನು ಹೊತ್ತು ಹಿಂದೆ ಹಿಂದೆ ಬರುತ್ತದೆ. ಮೆಲ್ಫನ ಬಾಣ ಅಂತ ಇನ್ನೊಂದು. ಇವರೆಲ್ಲ ಯಾರೋ ಕತೆಗಾರ ಕಟ್ಟಿದ ಮಾಂತ್ರಿಕರು ಅಂದುಕೊಂಡಿದ್ದೆ. ನಿನ್ನ ತಂಗಿ ಹುಡುಕಿ ಹೇಳಿದಳು: 1974ರಲ್ಲಿ ಆರ್ನೆಸನ್ ಜೊತೆ ಸೇರಿ ಈ ಆಟ ಹೊರತಂದ ಗೈಗ್ಯಾಕ್ಸ್‌ನ ಮಕ್ಕಳು ಆಡಿದ ಪಾತ್ರಗಳಂತೆ. ಟೆನ್ಸರ್ ಒಬ್ಬ ಮಗನದು, ಮೆಲ್ಫ್ ಇನ್ನೊಬ್ಬನದು. ಆ ಹುಡುಗರು ಯಾವ ದನಿಯಲ್ಲಿ ಮಾತಾಡಿದರೋ ಯಾರಿಗೆ ಗೊತ್ತು! ಹೆಸರು ಮಾತ್ರ ಇವತ್ತಿಗೂ ಎಲ್ಲಿಯದೋ ಮೇಜಿನ ಮೇಲೆ ಕೆಲಸ ಮಾಡುತ್ತಿದೆ. ಇದನ್ನು ಓದಿ ನನಗೆ ಸ್ವಲ್ಪ ಧೈರ್ಯ ಬಂತು. ನಿನಗೂ ಬರಲಿ ಅಂತ ಬರೆದೆ.

ಆದರೆ ಚಿಲಕನ ಹೆಸರು ಯಾವ ಪುಸ್ತಕದಲ್ಲೂ ಇಲ್ಲ ಅಂತ ನೀನು ಹೇಳುತ್ತೀ. ಹೌದು.

ನನಗೆ ತೋಚುವುದು ಇಷ್ಟು, ನಿಮ್ಮ ಆಟದ ರೀತಿಗೆ ಹೊಂದುತ್ತದೋ ಇಲ್ಲವೋ. ಅವನ ಬಗ್ಗೆ ನೀನು ಬರೆದಿಡುವುದಕ್ಕಿಂತ ಉಳಿದ ನಾಲ್ವರನ್ನು ಕೇಳು. ಮಾಸ್ತರರು ಇದ್ದಾಗಲೇ ನನ್ನ ಕರಡಿ ಅವರಿಗೆ ಹೇಗೆ ಕೇಳಿಸುತ್ತಿತ್ತು ಅಂತ ಕೇಳುವ ಅವಕಾಶ ನನಗೆ ಸಿಗಲೇ ಇಲ್ಲ, ಆ ವರ್ಷವೇ ಅವರು ಹಾಸಿಗೆ ಹಿಡಿದರು. ಚಿಲಕ ಆಡಿದ್ದೆಲ್ಲ ಆ ನಾಲ್ವರಿಂದ ಕೇಳಿಸಿಕೊಂಡ ದನಿ ತಾನೇ? ಅವನ ಅರ್ಧ ಪಾಲು ಅವರ ಹತ್ತಿರವೇ ಇದ್ದೀತು. ಪಾತ್ರದ ಹಾಳೆಯನ್ನು ಎಸೆಯಬೇಡ. ಇಲ್ಲಿಗೆ ತಂದರೆ ಟ್ರಂಕಿನಲ್ಲಿಡು, ಹೊರಗಿಟ್ಟರೆ ಬೂಸ್ಟು ಹಿಡಿಯುತ್ತದೆ. ಹೊಸ ತಂಡ ಸಿಕ್ಕ ಕೂಡಲೇ ಚಿಲಕನನ್ನೇ ಎಳೆದುಕೊಂಡು ಹೋಗಬೇಡ ಅನ್ನಬೇಕೆನಿಸುತ್ತದೆ. ಆದರೆ ನಾನು ಊರೂರಿಗೆ ಅದೇ ಕರಡಿಯನ್ನು ಒಯ್ದವನು, ನನ್ನ ಮಾತು ಕೇಳಲೇಬೇಕೆಂದಿಲ್ಲ.

ಇನ್ನೊಂದು. ಕೊನೆಯ ಆಟ ಯಾರದೋ ಬಾಡಿಗೆ ಕೋಣೆಯಲ್ಲಿ ಗಡಿಬಿಡಿಯಲ್ಲಿ ಮುಗಿಸುತ್ತೀರಿ ಅಂತ ಬರೆದಿದ್ದೀಯ. ಐದೂ ಜನ ಇಲ್ಲಿಗೆ ಬನ್ನಿ. ಜಗಲಿ ಖಾಲಿ ಇದೆ, ಹಲಸಿನ ಹಪ್ಪಳ ಡಬ್ಬಿ ತುಂಬ ಇದೆ. ರಾತ್ರಿ ಎಷ್ಟು ಹೊತ್ತಾದರೂ ಯಾರೂ ಏಳಿ ಅನ್ನುವುದಿಲ್ಲ. ನಾನು ಮೂಲೆಯಲ್ಲಿ ಕೂತು ಕೇಳುತ್ತೇನೆ. ಚಿಲಕನನ್ನು ಕೇಳಿದವರಲ್ಲಿ ಒಬ್ಬ ಜಾಸ್ತಿಯಾಗಲಿ. ಕರೆಂಟ್ ಹೋಗುತ್ತಿರುತ್ತದೆ, ಟಾರ್ಚ್ ತನ್ನಿ. ಹೊರಡುವ ಮೊದಲು ಲ್ಯಾಂಡ್‌ಲೈನಿಗೇ ಫೋನ್ ಮಾಡು, ಮಳೆಗೆ ಮೊಬೈಲ್ ಸಿಗುವುದಿಲ್ಲ.

ನಿನ್ನ ಮಾವ